ಒಣಗುವುದಕ್ಕೆ ಕೂಲಿಯಿಲ್ಲ

ಬಾಗೂರು ಕಡೆ ಹಳೆಯ ಮನೆಗೆ ಟೈಲ್ಸ್ ಹಾಕುವ ಕ್ರಮ ಈಗ ಎಲ್ಲರಿಗೂ ಬಾಯಿಪಾಠ. ಮಂಚ, ಬೀರು, ಟಿವಿ ಜಗಲಿಗೆ ಹೋಗುತ್ತವೆ. ಹಳೆಯ ಕೆಂಪು ಗಾರೆಯ ಮೇಲೆ ಉಳಿಯಿಂದ ಕಚ್ಚು ಹೊಡೆದು, ನೀರು ಚಿಮುಕಿಸಿ, ಒಂದೂವರೆ ಎರಡು ಇಂಚು ಮರಳು ಸಿಮೆಂಟ್ ಹರಡುತ್ತಾರೆ. ಮೇಲೆ ಸಿಮೆಂಟ್ ಹಾಲು ಹುಯ್ದು, ಟೈಲ್ ಕೂರಿಸಿ, ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ, ರಸಮಟ್ಟ ಇಟ್ಟು ನೋಡುತ್ತಾರೆ. ವಾರ ಕಳೆಯುವಷ್ಟರಲ್ಲಿ ಮನೆ ಥಳಥಳ. ಗೋಡೆಯ ಬುಡದಲ್ಲಿ ಸುಣ್ಣ ಉದುರಿಸಿಕೊಂಡು ಏರಿದ್ದ ತೇವ, ನಡುಮನೆಯಿಂದ ಹೊಸಿಲವರೆಗೆ ಓಡಿದ್ದ ಬಿರುಕು, ಎರಡರ ಸುದ್ದಿಯನ್ನೂ ಯಾರೂ ಎತ್ತುವುದಿಲ್ಲ. ಒಂದೆರಡು ಮಳೆಗಾಲ ಕಳೆದ ಮೇಲೆ ಅವೇ ಮಾತಾಡುತ್ತವೆ. ಜಾಯಿಂಟಿನ ಬಿಳಿ ಸಿಮೆಂಟ್ ಕಪ್ಪಾಗುತ್ತದೆ, ಅಂಚಿನಲ್ಲಿ ಉಪ್ಪಿನ ಪುಡಿ ಕಾಣುತ್ತದೆ, ಕಾಲಿಟ್ಟಲ್ಲಿ ಟೊಳ್ಳು ಸದ್ದು ಬರುತ್ತದೆ. ಒಂದು ಮಧ್ಯಾಹ್ನ ಟಪ್ಪೆಂದು ನಾಲ್ಕು ಟೈಲ್ಸ್ ಎದ್ದು ಒಂದಕ್ಕೊಂದು ಆತು ನಿಲ್ಲುತ್ತವೆ.

ಆಗ ಬೈಗುಳವೆಲ್ಲ ಮೇಸ್ತ್ರಿಗೆ. ಅದು ನ್ಯಾಯವಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಗಾರೆಯವರ ಕೈಕೆಲಸದಲ್ಲಿ ಅಷ್ಟು ಸುಲಭವಾಗಿ ಹುಳುಕು ತೆಗೆಯಲಾಗದು. ದಪ್ಪ ಗಾರೆಯ ಹಾಸು ಏರುತಗ್ಗಿನ ಹಳೆಯ ನೆಲವನ್ನು ಸಮ ಮಾಡುತ್ತದೆ, ಕೂದಲೆಳೆಯಂಥ ಬಿರುಕುಗಳನ್ನು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ. ಅಂಗಡಿಯವರು ಈಗ ಹೊಗಳುವ ಅಂಟನ್ನು, ಅಂದರೆ ಮೂರು ನಾಲ್ಕು ಮಿಲಿಮೀಟರ್ ದಪ್ಪ ಸವರುವ ಟೈಲ್ ಅಡ್ಹೆಸಿವ್ ಅನ್ನು, ಪುಡಿಯೇಳುವ ಬಿರುಕು ನೆಲದ ಮೇಲೆ ಹಚ್ಚುವುದಕ್ಕಿಂತ ಈ ಹಳೆಯ ಪದ್ಧತಿಯೇ ಮೇಲು. ಅಂಟಿಗೆ ಗಟ್ಟಿ, ಸಮ, ಚೊಕ್ಕ ನೆಲ ಬೇಕು. ಆದರೆ ವಿಟ್ರಿಫೈಡ್ ಟೈಲಿಗೆ ಬರೀ ಸಿಮೆಂಟ್ ಹಾಲು ಸಾಲದು ಎಂಬುದೂ ನಿಜ. ಗುಜರಾತಿನ ಮೋರ್ಬಿಯಿಂದ ಬರುವ ಈ ಟೈಲ್ಸ್ ತಮ್ಮ ತೂಕದ ಶೇ 0.5ರಷ್ಟು ನೀರನ್ನೂ ಹೀರುವುದಿಲ್ಲ. ಹಾಲು ಕಚ್ಚಿಕೊಳ್ಳಲು ಬೆನ್ನಿನಲ್ಲಿ ರಂಧ್ರವೇ ಇಲ್ಲ. ದಪ್ಪ ಹಾಸು ಗಟ್ಟಿಯಾದ ಮೇಲೆ ಅಂಟು ಹಚ್ಚಿ ಕೂರಿಸುವವರೂ ಇದ್ದಾರೆ. ನನ್ನ ಮತ ಅವರಿಗೆ.

ಕೈಕೆಲಸ ಸರಿಯಿದ್ದೂ ನೆಲ ಕೆಡುವುದು ಏಕೆ? ಇಲ್ಲಿ ತೇವ ಇದೆ ಎಂದು ನಂಬುವವರೇ ಕಡಿಮೆ. ಅರಕಲಗೂಡಿನ ಪಡುವಣ ಭಾಗದವರು ಹೇಳಿದರೆ ಒಪ್ಪಿಯಾರು, ಅದು ಮಲೆನಾಡಿನ ಸೆರಗು. ಬಾಗೂರು ತೆಂಗಿನ ಬಯಲುಸೀಮೆ. ಮಳೆಗೆ ಆಕಾಶ ನೋಡುವ ಊರಿನಲ್ಲಿ ನೆಲದಡಿ ನೀರಿದೆ ಎಂದರೆ ನಗುತ್ತಾರೆ. ಮನೆಯ ನೆಲಕ್ಕೆ ತೇವ ಬರಲು ಮಳೆಯೇ ಬೇಕೆಂದಿಲ್ಲ. ಬಚ್ಚಲ ನೀರು ಗೋಡೆಯ ಬುಡದಲ್ಲೇ ಇಂಗುತ್ತದೆ. ಅಂಗಳದ ಸಂಪಿನಲ್ಲಿ ಸಣ್ಣ ಸೀಳು ಬಿಟ್ಟಿರುತ್ತದೆ. ಹಿತ್ತಲಲ್ಲಿ ಬಟ್ಟೆ ಒಗೆದ ನೀರನ್ನು ತೆಂಗಿನ ಬುಡಕ್ಕೆ ಹರಿಯಬಿಟ್ಟಿರುತ್ತಾರೆ, ಆ ತೆಂಗು ಗೋಡೆಯಿಂದ ನಾಲ್ಕು ಮಾರು ದೂರ. ಎಲ್ಲಕ್ಕಿಂತ ಕೆಟ್ಟದ್ದು ಬೀದಿ. ಕಾಂಕ್ರೀಟ್ ರಸ್ತೆಯ ಮೇಲೆ ಮತ್ತೊಂದು ಕಾಂಕ್ರೀಟ್ ಬಿದ್ದು, ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ಬೀದಿಯ ನೀರೆಲ್ಲ ತಳಪಾಯದ ಪಕ್ಕ ನಿಲ್ಲುತ್ತದೆ. ಮಣ್ಣಿನ ಸಂದಿನಲ್ಲಿ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರುತ್ತದೆ, ಬರುವಾಗ ಮಣ್ಣಿನ ಉಪ್ಪನ್ನೂ ಹೊತ್ತು ತರುತ್ತದೆ.

ಗೊರೂರಿನಲ್ಲಿ ಕಟ್ಟಿ ನಿಲ್ಲಿಸಿದ ಹೇಮಾವತಿಯನ್ನು ತುಮಕೂರಿನ ಕಡೆಗೆ ಒಯ್ಯಲು ಬಾಗೂರಿನಿಂದ ನವಿಲೆಯವರೆಗೆ ಹತ್ತು ಕಿಲೋಮೀಟರಿಗೆ ಹತ್ತಿರದ ಸುರಂಗ ಕೊರೆದ ನಾಡು ಇದು. ನೆಲದಡಿ ನೀರು ಹೇಗೆ ನಡೆಯುತ್ತದೆ ಎಂಬ ವಿದ್ಯೆ ಊರ ಬಾಗಿಲಿಗೇ ಬಂದಿತ್ತು. ಮನೆಯೊಳಗೆ ಮಾತ್ರ ಬರಲಿಲ್ಲ.

ಹಿಂದಿನ ಮೇಸ್ತ್ರಿಗಳು ತಳಪಾಯದ ನಡುವೆ ದಪ್ಪ ಕಲ್ಲಿನ ಸೋಲಿಂಗ್ ಹಾಕಿ ಅದರ ಮೇಲೆ ಗಾರೆ ಎಳೆಯುತ್ತಿದ್ದರು. ಕಲ್ಲುಗಳ ನಡುವಿನ ಖಾಲಿ ಜಾಗದಲ್ಲಿ ನೀರು ಮೇಲೇರಲಾರದು. ಈಗ ಜೆಸಿಬಿಯಲ್ಲಿ ಸಿಕ್ಕಿದ ಮಣ್ಣು ತುಂಬಿ, ಒಂದು ದಿನ ನೀರು ಕಟ್ಟಿ, ಕುಳಿತಿತು ಎಂದು ಲೆಕ್ಕ ಹಾಕುತ್ತಾರೆ. ನಿಜವಾಗಿ ಒದ್ದೆಯಾಗಿರುವ ನೆಲಕ್ಕೆ ಮೇಲಿನಿಂದ ಮದ್ದಿಲ್ಲ. ಕಿತ್ತು, ಪುಡಿಯಿಲ್ಲದ ದಪ್ಪ ಜಲ್ಲಿ ಅರ್ಧ ಅಡಿ ಹಾಸಿ, 250 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆಯನ್ನು ಒಂದರ ಮೇಲೊಂದು ಅಂಚು ಬರುವಂತೆ ಹೊದಿಸಿ, ಗೋಡೆಯ ಬುಡಕ್ಕೆ ಮಡಚಿ ಏರಿಸಿ, ಆಮೇಲೆ ಕಾಂಕ್ರೀಟ್ ಹಾಕಬೇಕು. ಡಬ್ಬಿಯಲ್ಲಿ ಬರುವ ವಾಟರ್‌ಪ್ರೂಫ್ ಬಣ್ಣವನ್ನು ಹಸಿ ಗಾರೆಯ ಮೇಲೆ ಬಳಿದರೆ ಕೆಳಗಿನ ನೀರು, ಉಪ್ಪು ಅದನ್ನೇ ಹಪ್ಪಳದಂತೆ ಎಬ್ಬಿಸುತ್ತವೆ. ತೇವ ತಡೆಯುವ ಎಪಾಕ್ಸಿ ಇದೆ, ಕೆಲಸವನ್ನೂ ಮಾಡುತ್ತದೆ. ಅದಕ್ಕೂ ಅಡಿಯಲ್ಲಿ ಗಟ್ಟಿ ಕಾಂಕ್ರೀಟ್ ಬೇಕು, ಉದುರುವ ಗಾರೆಯಲ್ಲ.

ಹೊಸ ಮನೆಗಳಲ್ಲಿ ಗೊಂದಲ ಬೇರೆ ಥರದ್ದು. ಕ್ಯೂರಿಂಗ್ ಆಯಿತು, ಇನ್ನೇನು ಎನ್ನುತ್ತಾರೆ. ಕ್ಯೂರಿಂಗ್ ಎಂದರೆ ಏಳು ದಿನ ಒದ್ದೆಯಾಗಿ ಇಡುವುದು. ಸಿಮೆಂಟ್ ಗಟ್ಟಿಯಾಗಲು ಬೇಕಾದಷ್ಟು ನೀರನ್ನು ಕಟ್ಟಿಕೊಂಡು ಉಳಿದದ್ದನ್ನು ಹೊರಗೆ ಬಿಡಬೇಕು, ಅದು ಆ ಏಳು ದಿನ ಮುಗಿದ ಮೇಲೆ ಶುರುವಾಗುವ ಕೆಲಸ. ಬ್ರಿಟನ್ನಿನ ಕಟ್ಟಡದವರ ರೂಢಿಯ ಲೆಕ್ಕದಲ್ಲಿ ಗಾರೆ ದಿನಕ್ಕೆ ಒಂದು ಮಿಲಿಮೀಟರ್ ಒಣಗುತ್ತದೆ, ಎರಡು ಇಂಚಿಗೆ ಹೆಚ್ಚುಕಮ್ಮಿ ಐವತ್ತು ದಿನ. ನಮ್ಮ ಮಾಘ, ಫಾಲ್ಗುಣದ ಬಿಸಿಲುಗಾಳಿಗೆ ಅಷ್ಟು ಬೇಡ. ಆ ಕೋಷ್ಟಕಗಳನ್ನು ಹಾಗೇ ತಂದು ಹೆದರಿಸುವವರ ಜೊತೆಗೂ ನನ್ನ ಜಗಳವಿದೆ. ಸಾಪೇಕ್ಷ ಆರ್ದ್ರತೆ ಶೇ 75ಕ್ಕೆ ಇಳಿಯಲೇಬೇಕು ಎಂಬ ಅವರ ಮಿತಿ ಮರ ಮತ್ತು ವಿನೈಲ್ ಹಾಸುಗಳಿಗೆ. ಸಿಮೆಂಟಿನಲ್ಲಿ ಕೂತ ಟೈಲ್ ಒಂದಿಷ್ಟು ಹಸಿಯನ್ನು ಸಹಿಸುತ್ತದೆ. ಅದು ಸಹಿಸದ್ದು ದಿನವೂ ಬರುವ ನೀರನ್ನು, ಅಡಿಯ ಗಾರೆ ಇನ್ನೂ ಕುಗ್ಗುವುದನ್ನು.

ಪರೀಕ್ಷೆ ಸುಲಭ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಕಡಿಮೆಯೆಂದರೆ 16 ಗಂಟೆ ಬಿಡುವುದು. ಹಾಳೆಯ ಅಡಿಯಲ್ಲಿ ಹನಿ ಕಂಡರೆ ನೀರು ನೆಲದ್ದು. ಮೇಲ್ಗಡೆ ಕಂಡರೆ ಗಾಳಿಯದ್ದು, ಮಳೆಗಾಲದ ಮುಂಜಾವು ನೆಲ ಬೆವರುವುದು ಅದೇ. ಈ ಪರೀಕ್ಷೆಯನ್ನು ಏಪ್ರಿಲ್‌ನಲ್ಲಿ ಮಾಡಿ ಬೀಗಬಾರದು. ಹಿಂಗಾರು ಹಿಡಿದ ಅಕ್ಟೋಬರ್‌ನಲ್ಲಿ ಮಾಡಿದರೆ ಮನೆಯ ನಿಜ ಸ್ಥಿತಿ ತಿಳಿಯುತ್ತದೆ.

ಬಿರುಕಿನ ವಿಷಯದಲ್ಲಿ ನಮ್ಮ ಪದ್ಧತಿ ಇನ್ನೂ ಒರಟು: ಎಲ್ಲ ಬಿರುಕಿಗೂ ಸಿಮೆಂಟ್ ಹಾಲು. ಬೆರಳು ಸವರಿದರೆ ಅರ್ಧ ಗೊತ್ತಾಗುತ್ತದೆ. ಎರಡು ಅಂಚೂ ಒಂದೇ ಮಟ್ಟದಲ್ಲಿದ್ದರೆ ಹೆಚ್ಚಾಗಿ ಗಾರೆ ಕುಗ್ಗಿ ಬಿಟ್ಟದ್ದು. ನೀರು ಜಾಸ್ತಿ ಕಲಸಿದ, ಪುಡಿ ಹೆಚ್ಚಿರುವ ಎಂ-ಸ್ಯಾಂಡಿನ ಗಾರೆಯಲ್ಲಿ ಇದು ಸಾಮಾನ್ಯ. ಸೀಳನ್ನು ಅಗಲಿಸಿ, ಧೂಳು ತೆಗೆದು, ತುಂಬಿದರೆ ಸಾಕು. ಒಂದು ಅಂಚು ಕೆಳಗಿದ್ದರೆ ಅಡಿಯ ಮಣ್ಣು ಕುಸಿದಿದೆ. ಆ ಬಿರುಕಿಗೆ ಅಡ್ಡಲಾಗಿ ಗಾಜಿನ ಚೂರೊಂದನ್ನು ಅಂಟಿಸಿ ಕೆಲವು ತಿಂಗಳು ನೋಡಬೇಕು. ಗಾಜು ಒಡೆದರೆ ನೆಲ ಇನ್ನೂ ಇಳಿಯುತ್ತಿದೆ ಎಂದರ್ಥ, ಅದರ ಮೇಲೆ ಎಷ್ಟು ದುಬಾರಿ ಟೈಲ್ ಹಾಕಿದರೂ ಅದೇ ಗೆರೆಯಲ್ಲಿ ಸೀಳುತ್ತದೆ. ಜಾಯಿಂಟ್ ಕಾಣಲೇಬಾರದು ಎಂಬ ಹೊಸ ಷೋಕಿ ಇದಕ್ಕೆ ತುಪ್ಪ ಸುರಿಯುತ್ತದೆ. ಸಂದಿಲ್ಲದೆ, ಗೋಡೆಗೆ ಒತ್ತಿ ಕೂರಿಸಿದ ಟೈಲ್ಸ್‌ಗೆ ಬಿಸಿಯಲ್ಲಿ ಹಿಗ್ಗಲು ಜಾಗವೇ ಇರುವುದಿಲ್ಲ.

ಕೆಂಪು ಗಾರೆಯನ್ನು ನೆನೆದು ಕೊರಗುವ ಜನ ಇದ್ದಾರೆ, ನಾನು ಅವರಲ್ಲಿ ಒಬ್ಬನಲ್ಲ. ಅದೂ ಸೀಳುತ್ತಿತ್ತು, ಚಳಿಗಾಲದಲ್ಲಿ ಮುದುಕರ ಕಾಲು ಕೊರೆಯುತ್ತಿತ್ತು. ಅದರಲ್ಲಿ ರೋಗ ಬಚ್ಚಿಡಲು ಆಗುತ್ತಿರಲಿಲ್ಲ, ಅಷ್ಟು ಗುಣ ಒಪ್ಪುತ್ತೇನೆ. ಹಸಿ ಬಂದ ಜಾಗ ಬಣ್ಣಗೆಟ್ಟು ಕಾಣುತ್ತಿತ್ತು, ಬಂದ ಹಸಿ ಒಂದಿಷ್ಟು ಆರಿಯೂ ಹೋಗುತ್ತಿತ್ತು.

ಮೇಸ್ತ್ರಿಯ ದರ ಚದರ ಅಡಿಗೆ. ಆ ದರದಲ್ಲಿ ಹಾಳೆ ಹಚ್ಚಿ ಕಾಯುವುದಕ್ಕೆ, ಬಡಿದು ಟೊಳ್ಳು ಹುಡುಕುವುದಕ್ಕೆ, ಸಂಪು ಖಾಲಿ ಮಾಡಿ ನೋಡುವುದಕ್ಕೆ ಕಾಸಿಲ್ಲ. ಕಾಯುವವನಿಗೆ ನಷ್ಟ, ಮುಚ್ಚುವವನಿಗೆ ಲಾಭ. ಮನೆಯವರ ಅವಸರ ಅದಕ್ಕೆ ಸೇರುತ್ತದೆ. ಆಷಾಢ ಹಿಡಿದರೆ ಗೃಹಪ್ರವೇಶವಿಲ್ಲ, ಆದ್ದರಿಂದ ಜ್ಯೇಷ್ಠದೊಳಗೆ ಎಲ್ಲ ಮುಗಿಯಬೇಕು. ಹೊಸ ಗಾರೆ ಎಳೆದ ಹತ್ತನೇ ದಿನಕ್ಕೆ ಟೈಲ್ ಬಂದು ಬೀಳುತ್ತದೆ. ಮುಹೂರ್ತವನ್ನು ಶ್ರಾವಣಕ್ಕೆ ತಳ್ಳಿ, ಪರೀಕ್ಷೆಗೆಂದು ಮೇಸ್ತ್ರಿಗೆ ಎರಡು ದಿನದ ಕೂಲಿ ಬೇರೆಯಾಗಿ ಕೊಟ್ಟರೆ ಆಗುವ ಖರ್ಚು, ಎದ್ದ ಟೈಲ್ಸ್ ಕಿತ್ತು ಮತ್ತೆ ಹಾಕಿಸುವ ಖರ್ಚಿನ ಮುಂದೆ ಏನೇನೂ ಅಲ್ಲ. ಬೆಂಗಳೂರಿನ ಮಕ್ಕಳು ಊರ ಮನೆಗೆ ವಿನೈಲ್ ಹಾಸು ಹಾಕಿಸುತ್ತೇವೆ ಎಂದು ಹೊರಟಿದ್ದರಂತೂ ಅಕ್ಟೋಬರ್‌ವರೆಗೆ ಅವರನ್ನು ತಡೆದು ನಿಲ್ಲಿಸಿ.