ಗದ್ಯಗ್ರಹಿಕೆಯ ಪರೀಕ್ಷೆ ಮತ್ತು ಸಂಶೋಧನೆಯ ಓದು

ವಿಶ್ವವಿದ್ಯಾಲಯ ಅನುದಾನ ಆಯೋಗದ ನೆಟ್ ಪರೀಕ್ಷೆಯಲ್ಲಿ ಕನ್ನಡದ ಅಭ್ಯರ್ಥಿಗಳು ಎರಡನೆಯ ಪತ್ರಿಕೆಯನ್ನು ಕನ್ನಡದಲ್ಲಿ ಓದಿ ಉತ್ತರಿಸುತ್ತಾರೆ. ಮೊದಲನೆಯದನ್ನು ಮಾತ್ರ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಓದಬೇಕು. ಆ ಪತ್ರಿಕೆಯ 50 ಪ್ರಶ್ನೆಗಳಲ್ಲಿ 5 ಗದ್ಯಭಾಗದ ಗ್ರಹಿಕೆಗೆ ಮೀಸಲು. ಉಲ್ಲೇಖಕ್ರಮ, ಪ್ರಬಂಧರಚನೆ ಮೊದಲಾದ ಸಂಶೋಧನ ವಿಷಯಗಳೂ ಅದೇ ಪಠ್ಯಕ್ರಮದಲ್ಲಿವೆ. 2024ರಿಂದ ನೆಟ್ ಅಂಕಗಳು ಪಿಎಚ್.ಡಿ. ಪ್ರವೇಶಕ್ಕೂ ಪರಿಗಣಿತವಾಗಿರುವುದರಿಂದ ಈ ಓದಿನ ಸಿದ್ಧತೆಯ ಬಗೆಯನ್ನು ವಿಮರ್ಶಿಸುವುದು ಅಗತ್ಯವೆಂದು ಭಾವಿಸುತ್ತೇವೆ.

ಪರೀಕ್ಷಾ ಕೈಪಿಡಿಗಳು ಸಾಮಾನ್ಯವಾಗಿ ಬೋಧಿಸುವ ಉಪಾಯ ಒಂದೇ: ಮೊದಲು ಪ್ರಶ್ನೆಯನ್ನು ಓದಿ, ಅದರ ಮುಖ್ಯ ಪದವನ್ನು ಗದ್ಯಭಾಗದಲ್ಲಿ ಹುಡುಕಿ, ದೊರೆತ ವಾಕ್ಯದಿಂದ ಉತ್ತರಿಸುವುದು. ಕಾಲಮಿತಿಯುಳ್ಳ ಪರೀಕ್ಷೆಯಲ್ಲಿ ಇದು ಫಲ ಕೊಡುವುದುಂಟು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪದ ದೊರೆತೊಡನೆ ಅರ್ಥವೂ ದೊರೆಯಿತೆಂಬ ಭ್ರಮೆಯನ್ನು ಇದು ಬೆಳೆಸುತ್ತದೆ.

ಉದಾಹರಣೆಗೆ, ಯೂಜೀನ್ ಗಾರ್ಫೀಲ್ಡರು 1964ರಲ್ಲಿ ಆರಂಭಿಸಿದ ವಿಜ್ಞಾನದ ಉಲ್ಲೇಖಸೂಚಿಯನ್ನು ಕುರಿತ ಗದ್ಯಭಾಗವೊಂದಿದೆಯೆನ್ನೋಣ. ಒಂದು ಲೇಖನವನ್ನು ಮುಂದಿನ ಯಾವ ಲೇಖನಗಳು ಉಲ್ಲೇಖಿಸಿವೆ ಎಂಬುದನ್ನು ಸೂಚಿ ತೋರಿಸುತ್ತದೆ ಎಂದಷ್ಟೇ ಅದು ಹೇಳುತ್ತದೆ. ಹೆಚ್ಚು ಉಲ್ಲೇಖಗೊಂಡುದು ಶ್ರೇಷ್ಠವೆಂದು ಗ್ರಹಿಸಿದ ಅಭ್ಯರ್ಥಿ ತನ್ನ ಊಹೆಯನ್ನು ಓದಿದ್ದಾನೆಯೇ ಹೊರತು ಗದ್ಯವನ್ನಲ್ಲ. ಖಂಡನೆಗಾಗಿಯೂ ಉಲ್ಲೇಖಿಸುವುದುಂಟಷ್ಟೆ.

ಈ ದೃಷ್ಟಿಯಿಂದ ಐಇಎಲ್‌ಟಿಎಸ್ ಪರೀಕ್ಷೆಯ ಒಂದು ಪ್ರಶ್ನಾವಿಧಾನ ಗಮನಾರ್ಹ. ಅಲ್ಲಿ ‘ಸರಿ’, ‘ತಪ್ಪು’ ಎಂಬುವುಗಳ ಜೊತೆಗೆ ‘ಹೇಳಿಲ್ಲ’ ಎಂಬ ಮೂರನೆಯ ಉತ್ತರವಿದೆ. ಗ್ರಂಥ ನಿರಾಕರಿಸಿದುದು ಬೇರೆ, ಗ್ರಂಥ ಮೌನವಾಗಿರುವುದು ಬೇರೆ ಎಂಬ ಈ ವಿವೇಕ ಸಂಶೋಧನೆಯ ಮೊದಲ ಪಾಠವೇ ಆಗಿದೆ.

ನಮ್ಮದೇ ಕ್ಷೇತ್ರದಲ್ಲಿ ಇದರ ಕೊರತೆ ಎದ್ದು ಕಾಣುತ್ತದೆ. ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿ ಕೋಶ (1961, ಪರಿಷ್ಕೃತ ಆವೃತ್ತಿ 1984) ಇಂಗ್ಲಿಷಿನಲ್ಲಿರುವ ಆಕರ. ತಮಿಳು ರೂಪವಿದ್ದಲ್ಲಿ ಅದು ಮೊದಲು ಬಂದು, ಕನ್ನಡ ರೂಪ ಅನಂತರ ಬರುತ್ತದೆ. ಇದು ಜೋಡಣೆಯ ಕ್ರಮವೇ ಹೊರತು ವಂಶಾವಳಿಯಲ್ಲ. ಮೂಲದ್ರಾವಿಡ ರೂಪಗಳ ಪುನಾರಚನೆಯನ್ನು ಕೋಶ ನೀಡುವುದಿಲ್ಲ. ಹೀಗಿರುವಾಗ ಆ ಕ್ರಮವನ್ನೇ ಆಧಾರವಾಗಿಟ್ಟುಕೊಂಡು ಕನ್ನಡ ಪದ ತಮಿಳಿನಿಂದ ಬಂದಿತೆಂದು ಬರೆಯುವುದು ‘ಹೇಳಿಲ್ಲ’ ಎಂಬಲ್ಲಿ ‘ಸರಿ’ ಎಂದು ಗುರುತು ಹಾಕಿದಂತೆ. ಪರೀಕ್ಷೆಯಲ್ಲಾದರೆ ಇದರಿಂದ ಹೋಗುವುದು 2 ಅಂಕ. ಪ್ರಬಂಧದಲ್ಲಾದರೆ ಅದರ ವಾದವೇ ಕುಸಿಯುತ್ತದೆ.

ಆದ್ದರಿಂದ ಸಿದ್ಧತೆಗಾಗಿ ಕೈಪಿಡಿಯ ಗದ್ಯಭಾಗಗಳಷ್ಟೇ ಸಾಲವು. ಇಂತಹ ಕೋಶಗಳ ಪೀಠಿಕೆ, ಸಂಕ್ಷೇಪಸೂಚಿಗಳನ್ನೂ ಅಭ್ಯಾಸಕ್ಕೆ ಬಳಸಬೇಕು. ಓದಿದ ಭಾಗದ ವಾದವನ್ನು ಮೊದಲು ಕನ್ನಡದಲ್ಲಿ ನಾಲ್ಕು ವಾಕ್ಯಗಳಲ್ಲಿ ಬರೆದು, ಗ್ರಂಥ ಹೇಳಿದುದು, ಅಲ್ಲಗಳೆದುದು, ಹೇಳದೆ ಬಿಟ್ಟುದು ಎಂದು ವಿಂಗಡಿಸಿ, ಬಳಿಕ ಪ್ರಶ್ನೆಗಳಿಗೆ ತೊಡಗುವುದು ಲೇಸು. ಕರ್ನಾಟಕದ ಹೊರಗೆ ಕನ್ನಡ ಸಂಶೋಧನೆಯಲ್ಲಿ ತೊಡಗಿರುವವರಿಗೆ ಇಂಗ್ಲಿಷಿನ ಆಕರಗಳು ಅನಿವಾರ್ಯ. ಅವನ್ನು ಅವಸರದಲ್ಲಿ ಓದುವ ಅಭ್ಯಾಸವೂ ಅನಿವಾರ್ಯವೆಂದು ನಾವು ಒಪ್ಪಬೇಕಾಗಿಲ್ಲ.