ಹುಂಜವಿಲ್ಲದ ಹುಂಜದಡುಗೆ

ಕೊಕ್ ಓ ವ್ಯಾಂ (ವೈನಿನಲ್ಲಿ ಹುಂಜ) ಎಂಬ ಫ್ರೆಂಚ್ ಕೋಳಿ ಅಡುಗೆಯನ್ನು ಮನೆಯಲ್ಲಿ ಮಾಡಿ ನೋಡಿದವರ ದೂರು ಹೆಚ್ಚುಕಮ್ಮಿ ಒಂದೇ. ಹೇಳಿದ್ದನ್ನೆಲ್ಲ ಹಾಕಿದೆ, ವೈನ್ ಕೂಡ ಒಳ್ಳೆಯದನ್ನೇ ತಂದೆ, ಆದರೂ ಹೋಟೆಲಿನ ಹಾಗೆ ಬರಲಿಲ್ಲ. ಸಾಸ್ ನೀರುನೀರು, ಬಣ್ಣ ಮಂಕು ನೇರಳೆ, ನಾಲಿಗೆಗೆ ಹುಳಿ. ಕೋಳಿ ಒಂದು ದಾರಿ, ವೈನ್ ಇನ್ನೊಂದು ದಾರಿ. ಮುಂದಿನ ಸಲ ಇನ್ನೂ ದುಬಾರಿ ಬಾಟಲಿ ತರುತ್ತಾರೆ. ಫಲ ಮಾತ್ರ ಮೊದಲಿನದೇ. ಬಾಟಲಿಯದೇನೂ ತಪ್ಪಿಲ್ಲ ಎನ್ನುವುದು ನನ್ನ ವಾದ. ಹೋಟೆಲಿನವರ ಬಳಿ ಇದ್ದು ನಮ್ಮ ಬಳಿ ಇಲ್ಲದಿರುವುದು ಮೂಳೆ ಬೇಯಿಸಿದ ನೀರು, ಅಂದರೆ ಸ್ಟಾಕ್. ಅದಕ್ಕೂ ಮೊದಲು, ಈ ಅಡುಗೆ ಯಾವ ಕೋಳಿಗಾಗಿ ಹುಟ್ಟಿತೋ ಆ ಕೋಳಿಯೇ ನಮ್ಮ ಪಾತ್ರೆಯಲ್ಲಿಲ್ಲ.

ಇದು ಬರ್ಗಂಡಿ ಸೀಮೆಯ ರೈತರ ಅಡುಗೆ ಎನ್ನುವುದು ರೂಢಿಯ ಮಾತು. ಗಾಲ್ ನಾಯಕನೊಬ್ಬ ಜೂಲಿಯಸ್ ಸೀಸರನನ್ನು ಅಣಕಿಸಲು ಹುಂಜವೊಂದನ್ನು ಕಳಿಸಿದನಂತೆ, ಸೀಸರ್ ಅದನ್ನೇ ವೈನಿನಲ್ಲಿ ಬೇಯಿಸಿ ಅವನಿಗೇ ಬಡಿಸಿದನಂತೆ. ಮೆನು ಕಾರ್ಡಿನಲ್ಲಿ ಅಚ್ಚುಹಾಕಲು ಚೆನ್ನಾಗಿರುವ ಕತೆ, ಅಷ್ಟೆ. ಅಡುಗೆ ಪುಸ್ತಕಗಳಲ್ಲಿ ಈ ಹೆಸರು ನೆಲೆಯೂರುವುದು 20ನೇ ಶತಮಾನದಲ್ಲಿ. ಆದರೆ ಅದರ ಹಿಂದಿನ ಲೆಕ್ಕಾಚಾರ ಯಾವ ಹಳ್ಳಿಯಲ್ಲಾದರೂ ಹುಟ್ಟಬಹುದಾದದ್ದು. ವಯಸ್ಸಾದ ಹುಂಜ, ಮಾಂಸ ಬಿರುಸು, ಕೀಲುಗಳ ಸುತ್ತ ನಾರೋ ನಾರು. ಮನೆಯಲ್ಲಿ ವೈನ್ ಹೇರಳ. ರಾತ್ರಿಯಿಡೀ ಅದರಲ್ಲಿ ನೆನೆಹಾಕಿ, ಮರುದಿನ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ನಾರಿನಲ್ಲಿರುವ ಕೊಲಾಜನ್ ಕರಗಿ ಜೆಲಾಟಿನ್ ಆಗುತ್ತದೆ. ಸಾಸಿಗೆ ಅಂಟು, ಹೊಳಪು ಬರುವುದು ಅದರಿಂದಲೇ. ಕೊನೆಯಲ್ಲಿ ಹುಂಜದ ರಕ್ತವನ್ನೇ ಬೆರೆಸಿ ಗಟ್ಟಿ ಮಾಡುವುದು ಹಳೆಯ ಪದ್ಧತಿ. ಅಲ್ಸಾಸಿನಲ್ಲಿ ಕೆಂಪು ವೈನ್ ಬದಲು ರೀಸ್ಲಿಂಗ್ ಎಂಬ ಬಿಳಿ ವೈನ್ ಸುರಿಯುತ್ತಾರೆ. ಜುರಾದಲ್ಲಿ ಅಲ್ಲಿನ ಹಳದಿ ವೈನ್, ಜೊತೆಗೆ ಮೊರೆಲ್ ಅಣಬೆ. ವೈನ್ ಊರಿಗೊಂದು ಬದಲಾಗುತ್ತದೆ ಅಂದಮೇಲೆ ಅಡುಗೆಯ ಜೀವ ಅದೊಂದರಲ್ಲೇ ಇಲ್ಲವೆಂದು ಆಗಲೇ ಅನುಮಾನ ಬರಬೇಕಿತ್ತು.

ಈ ಅಡುಗೆಯನ್ನು ಇಂಗ್ಲಿಷ್ ಓದುವ ಮನೆಗಳ ಒಲೆಯ ಮೇಲೆ ಇಟ್ಟವರಲ್ಲಿ ಜೂಲಿಯಾ ಚೈಲ್ಡ್ ಮುಖ್ಯರು. 1949ರಲ್ಲಿ ಪ್ಯಾರಿಸ್ಸಿನ ಕಾರ್ಡನ್ ಬ್ಲೂ ಶಾಲೆ ಸೇರಿ ಕಲಿತ ಈ ಅಮೆರಿಕನ್ ಮಹಿಳೆ, ಸಿಮೋನ್ ಬೆಕ್ ಮತ್ತು ಲುಯಿಸೆಟ್ ಬೆರ್ತೋಲ್ ಜೊತೆಗೂಡಿ ಬರೆದ ‘ಮಾಸ್ಟರಿಂಗ್ ದಿ ಆರ್ಟ್ ಆಫ್ ಫ್ರೆಂಚ್ ಕುಕಿಂಗ್’ 1961ರಲ್ಲಿ ಪ್ರಕಟವಾಯಿತು. ಮನೆಗೆಲಸಕ್ಕೆ ಆಳುಗಳಿಲ್ಲದ ಅಮೆರಿಕದ ಗೃಹಿಣಿಯರು ಅದರ ಓದುಗರು. ಇವತ್ತು ನಾವು ನೋಡುವ ಬಹುಪಾಲು ಕೊಕ್ ಓ ವ್ಯಾಂ ಪಾಕವಿಧಾನಗಳಲ್ಲಿ ಈ ಪುಸ್ತಕದ ಛಾಯೆ ಇದ್ದೇ ಇರುತ್ತದೆ. ಆದ್ದರಿಂದ ವಿಮರ್ಶೆಯನ್ನು ಅಲ್ಲಿಂದಲೇ ಶುರುಮಾಡುವುದು ನ್ಯಾಯ.

ಮೊದಲು ಅದರ ಹೆಚ್ಚುಗಾರಿಕೆ. ಸಾಮಾನುಗಳ ಪಟ್ಟಿಯನ್ನು ಮೇಲೆ ಒಟ್ಟಿಗೆ ಪೇರಿಸಿ ಆಮೇಲೆ ವಿಧಾನ ಹೇಳುವ ಕ್ರಮವನ್ನು ಈ ಪುಸ್ತಕ ಕೈಬಿಟ್ಟಿದೆ. ಪುಟದ ಎಡಗಡೆ ಆಯಾ ಹಂತಕ್ಕೆ ಬೇಕಾದ ಸಾಮಾನು, ಬಲಗಡೆ ಅದನ್ನು ಏನು ಮಾಡಬೇಕು ಎಂಬ ವಿವರ. ಒಲೆಯ ಮುಂದೆ ನಿಂತು ಒಂದು ಕೈಯಲ್ಲಿ ಸೌಟು ಹಿಡಿದವರಿಗೆ ಇದರ ಉಪಕಾರ ಗೊತ್ತು. ಈರುಳ್ಳಿ, ಅಣಬೆಗಳನ್ನು ಕೋಳಿಯ ಜೊತೆ ಹಾಕದೆ ಬೇರೆಬೇರೆಯಾಗಿ ಬೇಯಿಸಿ ಕೊನೆಗೆ ಕೂಡಿಸಬೇಕೆಂಬ ಹಟವೂ ಸರಿಯಾದದ್ದೇ. ಅಣಬೆಯ ವಿಚಾರದಲ್ಲಂತೂ ಅವರು ಕೈಹಿಡಿದು ಕಲಿಸುತ್ತಾರೆ: ಅಣಬೆ ಒದ್ದೆ ಇರಬಾರದು, ಬಾಣಲೆಯಲ್ಲಿ ಒಂದರ ಮೇಲೊಂದು ಬೀಳಬಾರದು, ಬೆಣ್ಣೆಯ ನೊರೆ ಇಳಿಯತೊಡಗಿದಾಗ ಹಾಕಬೇಕು. ಹಾಕಿದ ಕೂಡಲೇ ಬೆಣ್ಣೆಯನ್ನೆಲ್ಲ ಹೀರಿ ಬಾಣಲೆ ಒಣಗಿದಂತೆ ಕಾಣುತ್ತದೆ. ಗಾಬರಿಯಾಗಿ ಇನ್ನಷ್ಟು ಬೆಣ್ಣೆ ಹಾಕಬಾರದು. ಎರಡು ಮೂರು ನಿಮಿಷದಲ್ಲಿ ಬೆಣ್ಣೆ ಮತ್ತೆ ಮೇಲೆ ಬರುತ್ತದೆ, ಅಣಬೆ ಕಂದಾಗತೊಡಗುತ್ತದೆ. ನಮ್ಮ ಮನೆಗಳಲ್ಲಿ ಅಣಬೆ ಪಲ್ಯ ನೀರು ಬಿಟ್ಟುಕೊಂಡು ರಬ್ಬರಾಗುವುದೇಕೆಂದು ಈ ಒಂದು ಪ್ಯಾರಾ ಓದಿದರೆ ತಿಳಿಯುತ್ತದೆ.

ಇನ್ನು ಕೋಳಿ. ಪುಸ್ತಕ ಕೇಳುವುದು ಎರಡೂವರೆಯಿಂದ ಮೂರು ಪೌಂಡಿನ ಎಳೆಯ ಕೋಳಿ. ನಮ್ಮ ಲೆಕ್ಕದಲ್ಲಿ 1.1ರಿಂದ 1.4 ಕಿಲೋ. ಮೂರು ಕಪ್ ಕೆಂಪು ವೈನ್, ಕಾಲು ಕಪ್ ಕೊನ್ಯಾಕ್ ಬ್ರಾಂದಿ, ಒಂದೆರಡು ಕಪ್ ಸ್ಟಾಕ್, ಅರ್ಧ ಚಮಚ ಟೊಮೆಟೊ ಪೇಸ್ಟ್, ಎರಡು ಎಸಳು ಬೆಳ್ಳುಳ್ಳಿ, ಥೈಮ್, ಬೇ ಎಲೆ. ಬೇಕನ್ನಿನ ತುಂಡುಗಳನ್ನು ಹುರಿದ ಕೊಬ್ಬಿನಲ್ಲಿ ಕೋಳಿಯನ್ನು ಕಂದಾಗಿಸಿ, ವೈನ್ ಸುರಿದು, 25ರಿಂದ 30 ನಿಮಿಷ ಬೇಯಿಸಬೇಕು. ಮೋಸ ಇರುವುದು ಈ ಅರ್ಧ ಗಂಟೆಯಲ್ಲಿ. ಎಳೆಯ ಕೋಳಿ ಅಷ್ಟರಲ್ಲಿ ಬೆಂದುಬಿಡುತ್ತದೆ ನಿಜ, ಆದರೆ ಸಾಸಿಗೆ ಅದು ಕೊಡುವುದೇನೂ ಇಲ್ಲ. ಕರಗಲು ಅದರಲ್ಲಿ ಅಷ್ಟು ಕೊಲಾಜನ್ನೂ ಇಲ್ಲ, ಕರಗಲು ಬೇಕಾದ ಹೊತ್ತೂ ಸಿಗುವುದಿಲ್ಲ. ಮುದಿ ಹುಂಜ ಮಾಡಬೇಕಿದ್ದ ಕೆಲಸವನ್ನು ಈಗ ಬೇರೆ ಯಾರಾದರೂ ಮಾಡಬೇಕು. ಚೈಲ್ಡ್ ಅವರು ಅದನ್ನು ಮೈದಾಕ್ಕೆ ವಹಿಸುತ್ತಾರೆ. ಕೋಳಿಯನ್ನು ಹೊರಗೆ ತೆಗೆದಿಟ್ಟು, ಸಾಸನ್ನು ಎರಡೂಕಾಲು ಕಪ್ಪಿಗೆ ಇಳಿಸಿ, ಎರಡು ಚಮಚ ಬೆಣ್ಣೆಯಲ್ಲಿ ನಾದಿದ ಮೂರು ಚಮಚ ಮೈದಾ ಕದಡಿಸುತ್ತಾರೆ. ಸಾಸ್ ದಪ್ಪವಾಗುತ್ತದೆ. ಆದರೆ ದಪ್ಪವೇ ಬೇರೆ, ಅಂಟೇ ಬೇರೆ. ಕಾಲು ಸೂಪ್ ಕುಡಿದಾಗ ತುಟಿಗೆ ತುಟಿ ಅಂಟುತ್ತದಲ್ಲ, ಆ ಗುಣ ಮೈದಾದಿಂದ ಬರುವುದಲ್ಲ.

ಸ್ಟಾಕ್ ಇಲ್ಲದಿದ್ದರೆ ಡಬ್ಬಿಯ ಬೀಫ್ ಬುಯಾನ್ (ದನದ ಮಾಂಸದ ತಿಳಿಸಾರು) ಆದರೂ ಆದೀತು ಎಂದು ಪುಸ್ತಕ ಸಡಿಲ ಬಿಡುವುದು ನನಗೆ ಇನ್ನೂ ದೊಡ್ಡ ದೋಷವಾಗಿ ಕಾಣುತ್ತದೆ. ಅಮೆರಿಕದ ಸೂಪರ್ ಮಾರ್ಕೆಟ್ಟಿನ ಮೇಲಿನ ದಾಕ್ಷಿಣ್ಯ ಅದು. ಫ್ರೆಂಚ್ ಬಾಣಸಿಗ ಎಸ್ಕೋಫಿಯೆ 1903ರ ತಮ್ಮ ‘ಲ ಗಿಡ್ ಕ್ಯುಲಿನೇರ್’ ಗ್ರಂಥವನ್ನು ಸ್ಟಾಕಿನ ಬುನಾದಿಯ ಮೇಲೆಯೇ ಕಟ್ಟಿದರು. ಇವತ್ತಿಗೂ ಫ್ರೆಂಚ್ ಪದ್ಧತಿಯ ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಹುರಿದ ಮೂಳೆಗಳ ಹಂಡೆ ಮೂಲೆಯಲ್ಲಿ ಗಂಟೆಗಟ್ಟಲೆ ಕುದಿಯುತ್ತಿರುತ್ತದೆ. ಆ ನೀರನ್ನು ಇಳಿಸಿ ಇಳಿಸಿ, ತಣ್ಣಗಾದರೆ ಚಾಕುವಿನಲ್ಲಿ ಕತ್ತರಿಸಬಹುದಾದಷ್ಟು ಗಟ್ಟಿ ಮಾಡಿಟ್ಟಿರುತ್ತಾರೆ. ನಿಮ್ಮ ತಟ್ಟೆಯ ಸಾಸಿನಲ್ಲಿ ಅದರ ಒಂದು ಸೌಟು ಇರುತ್ತದೆ, ಕೊನೆಗೆ ತಣ್ಣನೆಯ ಬೆಣ್ಣೆಯ ತುಂಡು ಬೀಳುತ್ತದೆ. ಗ್ರಾಹಕ ‘ವೈನ್ ಎಷ್ಟು ಚೆನ್ನಾಗಿದೆ’ ಎಂದು ಮೆಚ್ಚಿಕೊಂಡು ಎದ್ದುಹೋಗುತ್ತಾನೆ.

ಪುಸ್ತಕದ ಇನ್ನೊಂದು ಎಡವಟ್ಟು, ಎದೆ ಮತ್ತು ಕಾಲಿನ ತುಂಡುಗಳನ್ನು ಒಟ್ಟಿಗೆ ಬೇಯಿಸುವುದು. ಕೋಳಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಿನ್ನಲು ಸುರಕ್ಷಿತ. ಎದೆ ಅದಕ್ಕಿಂತ ಮೇಲೆ ಹೋದಷ್ಟೂ ಒಣಗುತ್ತದೆ. ಕಾಲು, ತೊಡೆಗಳು 80 ದಾಟಿದ ಮೇಲೆಯೇ ಮೆತ್ತಗಾಗಿ ರುಚಿಗೂಡುವುದು. ಒಂದೇ ಪಾತ್ರೆಯಲ್ಲಿ ಎರಡನ್ನೂ ತೃಪ್ತಿಪಡಿಸುವುದು ಆಗದ ಮಾತು. ಬರೀ ಲೆಗ್ ಪೀಸ್ ತಂದು ಒಂದು ಗಂಟೆ ಬೇಯಿಸಿದರೆ ಈ ರಗಳೆಯೇ ಇಲ್ಲ.

ಬೆಂಗಳೂರಿನಂಥ ಊರಿನಲ್ಲಿ ಇದನ್ನು ಮಾಡುವವರಿಗೆ ಚೈಲ್ಡ್ ಅವರ ಓದುಗರಿಗಿಲ್ಲದ ಒಂದು ಅನುಕೂಲವಿದೆ. ಚಿಕನ್ ಅಂಗಡಿಯಲ್ಲಿ ಕಣ್ಣೆದುರೇ ಕೋಳಿ ಕೊಯ್ಯುತ್ತಾರೆ. ಪಾದಗಳನ್ನು ಕತ್ತರಿಸಿ ಪಕ್ಕದ ಬುಟ್ಟಿಗೆ ಎಸೆಯುತ್ತಾರೆ. ಕೇಳಿದರೆ ಅಗ್ಗಕ್ಕೆ ಸಿಗುವ ಆ ಪಾದಗಳಲ್ಲಿ ಚರ್ಮ, ನರ, ಮೃದ್ವಸ್ಥಿ, ಮೂಳೆ ಬಿಟ್ಟರೆ ಹೆಚ್ಚೇನೂ ಇಲ್ಲ, ಅಂದರೆ ಕೊಲಾಜನ್ ಹೇರಳ. ಮೇಲಿನ ಒರಟು ಸಿಪ್ಪೆ ಸುಲಿದು ಉಗುರು ತೆಗೆದು, ಒಂದು ಈರುಳ್ಳಿ, ಒಂದು ಕ್ಯಾರೆಟ್ ಜೊತೆ ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಇಟ್ಟರೆ ಸಾಕು. ಸೋಸಿ ಫ್ರಿಜ್ಜಿನಲ್ಲಿಟ್ಟರೆ ಬೆಳಗಿನ ಹೊತ್ತಿಗೆ ಗಟ್ಟಿ ಜೆಲ್ಲಿ. ಇದು ಕೈಯಲ್ಲಿದ್ದರೆ ಮೈದಾದ ಹಂಗೇ ಬೇಡ.

ಸ್ಟಾಕಿಗೆ ಒದಗಿದ ಕುಕ್ಕರನ್ನು ಮುಖ್ಯ ಅಡುಗೆಗೆ ಮಾತ್ರ ಹತ್ತಿರ ಸೇರಿಸಬಾರದು. ಮುಚ್ಚಳ ಬಿಗಿದ ಪಾತ್ರೆಯಿಂದ ಹೆಚ್ಚೇನೂ ಹೊರಗೆ ಹೋಗುವುದಿಲ್ಲ. ವೈನ್ ಇಳಿಯುವುದಿಲ್ಲ, ಅದರ ಹಸಿ ವಾಸನೆಯೂ ಹೋಗುವುದಿಲ್ಲ. ಸಾರಿನ ಮಸಾಲೆಯ ಹಸಿ ವಾಸನೆ ಹೋಗುವ ತನಕ ಕಾಯುವ ಅಡುಗೆಯವರು ವೈನಿನ ವಿಷಯದಲ್ಲಿ ಏಕೆ ಅವಸರ ಮಾಡುತ್ತಾರೋ ತಿಳಿಯದು. ಕೋಳಿ ಹುರಿದ ಪಾತ್ರೆಯ ತಳದಲ್ಲಿ ಕಂದು ಬಣ್ಣದ ಪದರ ಹಿಡಿದಿರುತ್ತದೆ. ಅದು ಸೀದಿರಬಾರದು, ಹಿಡಿದಿರಬೇಕು. ವೈನ್ ಸುರಿದು ಮರದ ಸೌಟಿನಲ್ಲಿ ಆ ಪದರವನ್ನು ಕೆರೆದು ಬಿಡಿಸಿ, ವೈನ್ ಅರ್ಧಕ್ಕೆ ಇಳಿಯುವ ತನಕ ತೆರೆದ ಪಾತ್ರೆಯಲ್ಲಿ ಕುದಿಸಬೇಕು. ಮೂಗಿಗೆ ಬಡಿಯುವ ಘಾಟು ಇಳಿದು ಹಣ್ಣಿನ ವಾಸನೆ ಉಳಿದಾಗ ಸ್ಟಾಕ್. ಪಾತ್ರೆ ದಪ್ಪ ತಳದ ಸ್ಟೀಲ್ ಇರಲಿ. ಅಲ್ಯೂಮಿನಿಯಂ ಆಗಲಿ ಕಬ್ಬಿಣದ ಬಾಣಲೆಯಾಗಲಿ ವೈನಿನ ಹುಳಿಗೆ ತಮ್ಮ ರುಚಿಯನ್ನು ಬಿಟ್ಟುಕೊಡುತ್ತವೆ.

ಯಾವ ವೈನ್? ಇದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ, ಸಿಹಿಯಿಲ್ಲದಿದ್ದರೆ ಆಯಿತು. 1988ರಲ್ಲಿ ಗ್ರೋವರ್ ವೈನ್ ಕಂಪನಿ ಶುರುವಾದಂದಿನಿಂದ ನಂದಿ ಬೆಟ್ಟದ ಸುತ್ತ ಕಾಬರ್ನೆ, ಶಿರಾಜ್‌ನಂಥ ಫ್ರೆಂಚ್ ತಳಿಗಳು ಬೆಳೆಯುತ್ತಿವೆ. ಅವುಗಳಿಂದ ಮಾಡಿದ ಸಾಧಾರಣ ಕೆಂಪು ವೈನ್ ಧಾರಾಳವಾಗಿ ಸಾಕು. ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನ್, ಗೋವಾದ ಪೋರ್ಟ್, ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಮಾಡುವ ದ್ರಾಕ್ಷಾರಸ, ಇವೆಲ್ಲ ಕುಡಿಯಲು ಚೆನ್ನ. ಅರ್ಧಕ್ಕೆ ಇಳಿಸಿದರೆ ಪಾಕವಾಗಿ ಕೂರುತ್ತವೆ, ಕೋಳಿ ಮಿಠಾಯಿಯಾಗುತ್ತದೆ. ಮೂರು ಕಪ್ ಅಂದರೆ ಬಹುತೇಕ ಒಂದು ಪೂರ್ತಿ ಬಾಟಲಿ ಎನ್ನುವುದನ್ನೂ ಮರೆಯಬಾರದು. ಬರ್ಗಂಡಿಯ ರೈತನಿಗೆ ವೈನ್ ಮನೆಯದು, ಕೋಳಿಯೇ ಆಸ್ತಿ. ಇಲ್ಲಿ ಕೋಳಿಗಿಂತ ಬಾಟಲಿಯ ಬೆಲೆ ಹೆಚ್ಚು. ಬಡವರ ಅಡುಗೆಯೆಂದು ಇದನ್ನು ಹಾಡಿಹೊಗಳುವವರು ಬಿಲ್ಲು ನೋಡಿ ಮಾತಾಡಲಿ.

ಕೊನ್ಯಾಕ್ ಸುರಿದು ಬೆಂಕಿ ಹಚ್ಚುವ ಹಂತವನ್ನು ನಾನಂತೂ ಬಿಡುತ್ತೇನೆ. ಮುಖ ಆಚೆ ತಿರುಗಿಸಿ ಕಡ್ಡಿ ಗೀರಬೇಕೆಂದು ಪುಸ್ತಕವೇ ಎಚ್ಚರಿಸುವ ಈ ಸರ್ಕಸ್ಸಿನಿಂದ ನೋಡುವವರಿಗೆ ಖುಷಿ ಸಿಕ್ಕಷ್ಟು ಸಾಸಿಗೆ ಸಿಗುವುದಿಲ್ಲ. ಮದ್ಯವೆಲ್ಲ ಉರಿದುಹೋಗುತ್ತದೆ ಎಂಬುದೂ ಸುಳ್ಳು. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ ಬೆಂಕಿ ಹಚ್ಚಿದ ಮೇಲೂ ಶೇ 75ರಷ್ಟು ಆಲ್ಕೋಹಾಲ್ ಉಳಿದಿರುತ್ತದೆ. 15 ನಿಮಿಷ ಕುದಿಸಿದರೆ ಶೇ 40, ಅರ್ಧ ಗಂಟೆಗೆ ಶೇ 35, ಒಂದು ಗಂಟೆಗೆ ಶೇ 25. ಎರಡೂವರೆ ಗಂಟೆ ಕುದಿಸಿದರೂ ಶೇ 5 ಇದ್ದೇ ಇರುತ್ತದೆ. ಪಾತ್ರೆಯ ಅಗಲ, ಉರಿಗೆ ತಕ್ಕಂತೆ ಇದು ಹೆಚ್ಚುಕಡಿಮೆ ಆದೀತು. ‘ಕುದಿಸಿದರೆ ಎಲ್ಲ ಹಾರಿಹೋಗುತ್ತೆ ಬಿಡಿ’ ಎಂದು ಹೇಳಿ, ಮದ್ಯ ಮುಟ್ಟದ ನೆಂಟರಿಗೆ ಬಡಿಸುವುದು ಮಾತ್ರ ಸಲ್ಲದು. ಏನು ಹಾಕಿದ್ದೇವೆಂದು ಮೊದಲೇ ಹೇಳಿಬಿಡಬೇಕು.

ಚಿಲ್ಲರೆ ಸಾಮಾನುಗಳ ಬಗ್ಗೆ ಒಂದೆರಡು ಮಾತು. ಪುಸ್ತಕ ಕೇಳುವ ಪುಟ್ಟ ಈರುಳ್ಳಿಗೆ ನಮ್ಮ ಸಾಂಬಾರ್ ಈರುಳ್ಳಿ ಸೊಗಸಾಗಿ ಒಗ್ಗುತ್ತದೆ, ಬಣ್ಣವೂ ಸಾಸಿಗೆ ಹೊಂದುತ್ತದೆ. ಬೇ ಎಲೆಯೆಂದು ಪಲಾವ್ ಎಲೆ ಹಾಕಿದರೆ ಕೆಲಸ ಕೆಟ್ಟಿತು. ಅದು ದಾಲ್ಚಿನ್ನಿಯ ಬಳಗದ ಎಲೆ. ವೈನ್ ಸಾಸು ಬಿರಿಯಾನಿಯ ಕಡೆ ವಾಲುತ್ತದೆ. ನಿಜವಾದ ಬೇ ಎಲೆ ಸಿಗದಿದ್ದರೆ ಬಿಟ್ಟುಬಿಡಿ.

ಇಷ್ಟೆಲ್ಲ ಆದಮೇಲೆ ಮೂಲ ಪ್ರಶ್ನೆ ಉಳಿಯಿತಲ್ಲ: ಹುಂಜ ಎಲ್ಲಿ? ನಾಟಿ ಕೋಳಿ ಅಂಗಡಿಯಲ್ಲಿದೆ. ಗಟ್ಟಿ ಕೋಳಿಯನ್ನು ಅದರ ಗಟ್ಟಿತನಕ್ಕಾಗಿಯೇ ಕಾಸು ಕೊಟ್ಟು ತರುವ ಮಂಡ್ಯ, ಮೈಸೂರು ಕಡೆಯವರಿಗೆ ಕೊಕ್ ಓ ವ್ಯಾಂ ತರ್ಕವನ್ನು ಯಾರೂ ವಿವರಿಸಬೇಕಿಲ್ಲ. ನಾಟಿ ಹುಂಜವನ್ನು ಪುಕ್ಕ ಕಿತ್ತು ಬೆಂಕಿಯಲ್ಲಿ ಸುಟ್ಟು ಚರ್ಮದ ಸಮೇತ ಕೊಡುತ್ತಾರೆ. ಆ ಸುಟ್ಟ ವಾಸನೆ ಬೇಕನ್ನಿನ ಹೊಗೆ ವಾಸನೆಯ ಜಾಗವನ್ನು ತಾನೇ ತುಂಬುತ್ತದೆ. ಅಂಗಡಿಯವನಿಗೆ ಅರಿಶಿನ ಮಾತ್ರ ಬಳಿಯಬೇಡಪ್ಪಾ ಅಂತ ಮೊದಲೇ ಹೇಳಬೇಕು, ಇಲ್ಲದಿದ್ದರೆ ಅಭ್ಯಾಸಬಲದಿಂದ ಬಳಿದೇ ಕೊಡುತ್ತಾನೆ. ರಾತ್ರಿ ವೈನಿನಲ್ಲಿ ನೆನೆಸಿ, ಮರುದಿನ ಎರಡು ಮೂರು ಗಂಟೆ ಸಣ್ಣ ಉರಿ. ಎದೆಯ ಮಾಂಸ ಆಗಲೂ ಎಳೆಎಳೆಯಾಗಿ ಬಿರುಸಾಗಿಯೇ ಉಳಿಯುತ್ತದೆ. ಫಾರಂ ಕೋಳಿಯ ಮೆತ್ತನೆಯ ಮಾಂಸ ರೂಢಿಯಾದವರು ಮುಖ ಸಿಂಡರಿಸಬಹುದು. ಆದರೆ ತೊಡೆಯ ತುಂಡು, ಕತ್ತಿನ ಭಾಗ, ಆ ಸಾಸು, ಇವುಗಳ ಮುಂದೆ ಚೈಲ್ಡ್ ಅವರ ಎಳೆಯ ಕೋಳಿ ಸಪ್ಪೆ. ಮೈದಾ ಬೇಡ, ಕೊನೆಯಲ್ಲಿ ಬೆಣ್ಣೆಯೂ ಅಷ್ಟಾಗಿ ಬೇಡ. ಉಪ್ಪನ್ನು ಮಾತ್ರ ಸಾಸ್ ಪೂರ್ತಿ ಇಳಿದ ಮೇಲೆ ನೋಡಿ ಹಾಕಬೇಕು.

ಜೊತೆಗೆ ಬೇಯಿಸಿದ ಆಲೂಗಡ್ಡೆ, ಇಲ್ಲವೇ ಬ್ರೆಡ್ಡು. ಅನ್ನಕ್ಕೂ ಅಡ್ಡಿಯಿಲ್ಲ. ನಾಟಿ ಹುಂಜ ಅಂದಮೇಲೆ ಮುದ್ದೆ ಏಕಾಗಬಾರದು ಎಂದು ಕೇಳುವವರಿರುತ್ತಾರೆ. ಮುದ್ದೆ ನುಂಗಲು ಖಾರವಾದ, ತೆಳ್ಳನೆಯ ಸಾರು ಬೇಕು. ಬೆಣ್ಣೆ, ಹುಳಿ, ಅಂಟು ಸೇರಿದ ಈ ಸಾಸಿನಲ್ಲಿ ಅದು ಗಂಟಲಲ್ಲೇ ಕೂರುತ್ತದೆ.