ಜಲಪಾತದ ಪಾಠಾಂತರ

ಮೂರು ವರ್ಷದ ಹಿಂದೆ ತರಗತಿಯಲ್ಲಿ ಆಡಿದ ಒಂದು ಮಾತನ್ನು ಹಿಂತೆಗೆದುಕೊಳ್ಳಲು ಈ ಬರಹ. ದೃಶ್ಯಸಂಸ್ಕೃತಿಯ ಬಗ್ಗೆ ಒಂದು ಐಚ್ಛಿಕ ಪತ್ರಿಕೆ ಇತ್ತು. ಛಾಯಾಚಿತ್ರ, ಸಿನಿಮಾ ಮುಗಿಸಿ ಕೊನೆಯ ಎರಡು ವಾರ ವಿಡಿಯೋ ಗೇಮುಗಳಿಗೆ ಬಂದಿದ್ದೆವು. ಸೆಗಾ ಕಂಪನಿ 1991ರಲ್ಲಿ ತನ್ನ ಮೆಗಾ ಡ್ರೈವ್ ಯಂತ್ರಕ್ಕೆ ತಂದ ‘ಸೋನಿಕ್ ದಿ ಹೆಜ್‌ಹಾಗ್’ ಆಟದ ಮೊದಲ ಹಂತದ ಚಿತ್ರವೊಂದನ್ನು ಅಂತರ್ಜಾಲದಿಂದ ಇಳಿಸಿಕೊಂಡು, ಪ್ರೊಜೆಕ್ಟರಿನಲ್ಲಿ ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದೆ. ಆ ಹಂತದಲ್ಲೊಂದು ಜಲಪಾತ ಬರುತ್ತದೆ. ಗೋಡೆಯ ಮೇಲೆ ನೀರಿರುವ ಜಾಗದಲ್ಲಿ ಕಂಡದ್ದು ಒಂದು ಬಿಟ್ಟು ಒಂದರಂತೆ ನೆಟ್ಟಗೆ ನಿಂತ ಗೆರೆಗಳು, ಕಿಟಕಿಯ ಸರಳಿನ ಹಾಗೆ. ಸರಳುಗಳ ಸಂದಿಯಲ್ಲಿ ಹಿಂದಿನ ಬಂಡೆ.

“ನೋಡಿ, ಇದು ನೀರಲ್ಲ, ನೀರಿನ ಸಂಕೇತ. ಯಂತ್ರದ ಬಡತನವನ್ನು ಆಟಗಾರನ ಕಲ್ಪನೆ ತುಂಬಿಕೊಡಬೇಕು,” ಎಂದೆ. ವಿದ್ಯಾರ್ಥಿಗಳು ಬರೆದುಕೊಂಡರು. ಪರೀಕ್ಷೆಯಲ್ಲೂ ಕೆಲವರು ಅದನ್ನೇ ಬರೆದು ಅಂಕ ಪಡೆದರು.

ಮಾತು ಚೆನ್ನಾಗಿತ್ತು, ಆದರೆ ಸುಳ್ಳಾಗಿತ್ತು. ಗೊತ್ತಾದದ್ದು ಕಳೆದ ವರ್ಷ. ನ್ಯೂಜೆರ್ಸಿಯಿಂದ ಊರಿಗೆ ಮರಳಿದ ಗೆಳೆಯನೊಬ್ಬ ತನ್ನ ಹಳೆಯ ಜೆನೆಸಿಸ್ ಯಂತ್ರ ತಂದಿದ್ದ. ಮೆಗಾ ಡ್ರೈವ್‌ಗೆ ಅಮೆರಿಕದಲ್ಲಿ ಇಟ್ಟ ಹೆಸರು ಅದು. ಅಲ್ಲಿಯ ಕರೆಂಟು ಬೇರೆ, ಇಲ್ಲಿಯದು ಬೇರೆ. ಅದಕ್ಕೊಂದು ಟ್ರಾನ್ಸ್‌ಫಾರ್ಮರ್ ಹುಡುಕಿ ನಮ್ಮ ಮನೆಯ ಎಲ್‌ಇಡಿ ಟಿವಿಗೆ ಹಾಕಿದೆವು. ಚಿತ್ರ ಬಂತು, ಆದರೆ ನೋಡುವ ಹಾಗಿರಲಿಲ್ಲ. ಎಲ್ಲ ಮಸುಕು, ಓಡುವಾಗ ಅಂಚುಗಳಲ್ಲಿ ಬಾಚಣಿಗೆಯ ಹಲ್ಲು, ಗುಂಡಿ ಒತ್ತಿದ ಮೇಲೆ ಒಂದು ಚೂರು ತಡೆದು ಹಾರುವ ಸೋನಿಕ್. ಗೆಳೆಯನಿಗೆ ಬೇಜಾರಾಯಿತು. “ಹೀಗೇ ಇತ್ತೇನೋ, ಚಿಕ್ಕವರಿದ್ದಾಗ ನಮಗೆ ಚೆನ್ನಾಗಿ ಕಂಡಿತ್ತು ಅಷ್ಟೇ,” ಅಂದ. ಅವನ ಈ ಮಾತಿಗೂ ತರಗತಿಯಲ್ಲಿ ನಾನು ಆಡಿದ್ದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ನಮ್ಮ ಬೀದಿಯ ಟಿವಿ ರಿಪೇರಿಯವರು ಯಂತ್ರ ನೋಡಿ ನಕ್ಕರು. “ಇದನ್ನ ಡಬ್ಬಾ ಟಿವಿಗೆ ಹಾಕ್ಬೇಕು ಸಾರ್,” ಎಂದು ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದಿದ್ದ 21 ಇಂಚಿನ ಪೆಟ್ಟಿಗೆಯನ್ನು ಒರೆಸಿ, ಹಳದಿ ಪಿನ್ನು ಚುಚ್ಚಿ ಕೊಟ್ಟರು. ಜಲಪಾತದವರೆಗೂ ಆಡಿದೆ. ಸರಳುಗಳು ಇರಲಿಲ್ಲ. ನೀರಿತ್ತು. ತೆಳುವಾದ, ಹಿಂದಿನ ಬಂಡೆ ಮಬ್ಬಾಗಿ ಕಾಣುವ ನೀರು; ಹತ್ತಿರ ಹೋಗಿ ನೋಡಿದರೆ ಅದರಲ್ಲಿ ಕಾಮನಬಿಲ್ಲಿನ ನಸು ಪಟ್ಟಿಗಳೂ ಇದ್ದವು. ಸೋನಿಕ್ ಅದರ ಹಿಂದೆ ಹಾದುಹೋದಾಗ ನೀರಿನ ಹಿಂದೆಯೇ ಹಾದುಹೋದ. ನನ್ನ ಕಲ್ಪನೆ ಏನನ್ನೂ ತುಂಬಿಕೊಡಬೇಕಾಗಿರಲಿಲ್ಲ.

ಮೆಗಾ ಡ್ರೈವ್‌ನ ಬಣ್ಣದ ಪೆಟ್ಟಿಗೆಯಲ್ಲಿ 512 ಬಣ್ಣಗಳು, ಒಮ್ಮೆಗೆ ಪರದೆಗೆ ಬರಬಹುದಾದದ್ದು 64ರೊಳಗೆ. ಒಂದು ವಸ್ತುವಿನ ಮೂಲಕ ಇನ್ನೊಂದು ವಸ್ತು ಕಾಣುವ ಹಾಗೆ ಎರಡು ಬಣ್ಣ ಬೆರೆಸುವ ಸವಲತ್ತು ಅದಕ್ಕಿರಲಿಲ್ಲ. ಆದರೆ ಯಂತ್ರದಿಂದ ಟಿವಿಗೆ ಹೋಗುವ ಆ ಹಳದಿ ತಂತಿಯಲ್ಲಿ ಬೆಳಕೂ ಬಣ್ಣವೂ ಒಂದೇ ಸಂಕೇತವಾಗಿ ಕಲೆಸಿಹೋಗುತ್ತವೆ. ಟಿವಿ ಅವನ್ನು ಮತ್ತೆ ಬೇರ್ಪಡಿಸುವಾಗ ಅಕ್ಕಪಕ್ಕದ ಸಣ್ಣ ವಿವರಗಳು ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಅಕ್ಕಪಕ್ಕ ಅನ್ನುವುದನ್ನು ಗಮನಿಸಬೇಕು. ಟಿವಿ ಚಿತ್ರವನ್ನು ಎಡದಿಂದ ಬಲಕ್ಕೆ ಒಂದೊಂದೇ ಸಾಲಾಗಿ ಎಳೆಯುತ್ತದೆ. ಕಲೆಸುವಿಕೆ ನಡೆಯುವುದು ಸಾಲಿನ ಒಳಗೆ. ಮೇಲಿನ ಸಾಲು ಕೆಳಗಿನ ಸಾಲಿನೊಂದಿಗೆ ಹಾಗೆ ಕಲೆಯುವುದಿಲ್ಲ. ಈಗ ಜಲಪಾತದ ಗೆರೆಗಳನ್ನು ನೋಡಿ: ಅವು ಅಡ್ಡ ಗೆರೆಗಳಲ್ಲ, ಉದ್ದ ಗೆರೆಗಳು. ಅಡ್ಡ ಹಾಕಿದ್ದರೆ ಪಟ್ಟೆ ಪಟ್ಟೆಯಾಗಿಯೇ ಉಳಿಯುತ್ತಿದ್ದವು. ಬರೆದವರು ಬರೆದದ್ದು ಬೆರೆಯಲೆಂದೇ ಎನ್ನುವುದಕ್ಕೆ ಅವರ ಸಂದರ್ಶನ ಹುಡುಕಬೇಕಾಗಿಲ್ಲ, ಕೃತಿಯೊಳಗೇ ಸಾಕ್ಷಿಯಿದೆ. ನಾನು ಗೋಡೆಯ ಮೇಲೆ ತೋರಿಸಿದ್ದು ತಂತಿಗೆ ಹೋಗುವ ಮೊದಲಿನ ಚಿತ್ರ. ನಮ್ಮ ಅಜ್ಜಿ ಬೆಳಿಗ್ಗೆ ಅಂಗಳದಲ್ಲಿ ಚುಕ್ಕಿ ಇಟ್ಟು ಮುಗಿಸಿದ ಕ್ಷಣಕ್ಕೆ ಫೋಟೋ ತೆಗೆದು, ಇದೇ ರಂಗೋಲಿ, ಎಷ್ಟು ಬಡವಾಗಿದೆ ನೋಡಿ ಅಂದ ಹಾಗೆ.

ಇಲ್ಲಿಯವರೆಗಿನ ಕತೆಯನ್ನು ಹಳೆ ಆಟಗಳ ಪ್ರೇಮಿಗಳು ಬಹಳ ಸಲ ಹೇಳಿದ್ದಾರೆ. 1997ರ ‘ಕ್ಯಾಸಲ್‌ವೇನಿಯಾ: ಸಿಂಫನಿ ಆಫ್ ದಿ ನೈಟ್’ನಲ್ಲಿ ಡ್ರಾಕುಲಾನ ಮುಖದ ಎರಡು ಚಿತ್ರ ಪಕ್ಕಪಕ್ಕ ಇಟ್ಟು ತೋರಿಸುವುದು ಈಗ ಒಂದು ವಾಡಿಕೆ: ಚೌಕಗಳಾಗಿ ಕಂಡಾಗ ಕಣ್ಣಿನ ಜಾಗದಲ್ಲಿ ಒಂದು ಕೆಂಪು ಚುಕ್ಕೆ, ಹಳೆ ಟಿವಿಯಲ್ಲಿ ಅದೇ ಚುಕ್ಕೆ ಹರಡಿ ಕೆಂಡದಂಥ ಕಣ್ಣು. ನನಗೆ ಆ ಹೋಲಿಕೆ ಇಷ್ಟ. ಆದರೆ ಅದರಿಂದ ಹೊರಡಿಸುವ ತೀರ್ಪು, ಅಂದರೆ ಹಳೆಯ ಪರದೆಯೇ ಸತ್ಯ, ಉಳಿದದ್ದೆಲ್ಲ ಅಪಚಾರ ಎನ್ನುವುದು, ಒಪ್ಪಿಗೆಯಾಗುವುದಿಲ್ಲ.

ಒಂದು ತೊಡಕು ಇಲ್ಲಿಯೇ ಇದೆ. ಯುರೋಪಿನ ಟಿವಿಗಳಲ್ಲಿ ಸ್ಕಾರ್ಟ್ ಎಂಬ ಅಗಲ ಪಿನ್ನು ಇರುತ್ತಿತ್ತು. ಅದರಲ್ಲಿ ಕೆಂಪು, ಹಸಿರು, ನೀಲಿ ಬೇರೆ ಬೇರೆ ತಂತಿಗಳಲ್ಲಿ ಹೋಗುತ್ತವೆ, ಯಾವುದೂ ಕಲೆಯುವುದಿಲ್ಲ. ಮೆಗಾ ಡ್ರೈವ್ ಈ ಸಂಕೇತವನ್ನೂ ಕೊಡುತ್ತದೆ. ಇವತ್ತು ‘ಅತ್ಯುತ್ತಮ ಚಿತ್ರ’ಕ್ಕಾಗಿ ಜನ ಹುಡುಕಿ ಕೊಳ್ಳುವುದು ಇದೇ ತಂತಿಯನ್ನು, ಜೊತೆಗೆ ಟಿವಿ ಸ್ಟುಡಿಯೋಗಳು ಗುಜರಿಗೆ ಹಾಕಿದ ಸೋನಿಯ ವೃತ್ತಿಪರ ಮಾನಿಟರುಗಳನ್ನು. ಹಾಗೆ ಜೋಡಿಸಿದರೆ ಅಕ್ಷರ ಮುತ್ತಿನಂತೆ, ಬಣ್ಣ ಹಿಂಡಿದಂತೆ, ಜಲಪಾತ ಮತ್ತೆ ಕಿಟಕಿ ಸರಳು. ಹಳೆಯ ಪರದೆಯೇ ಆದರೂ ನೀರಿಲ್ಲ. 1991ರಲ್ಲೇ ಹೀಗೆ ನೋಡಿದವರೂ ಇದ್ದರು. ಅವರ ಜಲಪಾತ ಸುಳ್ಳೇ?

ಕನ್ನಡ ಎಂ.ಎ. ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪಠ್ಯವೆಂದು ಓದಿದ್ದೇವೆ. ಓಲೆಗರಿ ಪ್ರತಿಗಳು ಹತ್ತಿದ್ದರೆ ಹತ್ತು ಪಾಠ. ಸಂಪಾದಕ ಒಂದನ್ನು ಮೇಲಿಟ್ಟು ಉಳಿದುವನ್ನು ಅಡಿಟಿಪ್ಪಣಿಗೆ ಇಳಿಸುತ್ತಾನೆ, ಆದರೆ ಬಿಸಾಡುವುದಿಲ್ಲ. ತಪ್ಪೆಂದು ತೋರುವ ಪಾಠವೂ ಯಾರೋ ಓದಿದ, ಹಾಡಿದ ಪಾಠ. ಗೇಮುಗಳ ವಿಷಯದಲ್ಲಿ ನಾವು ಇನ್ನೂ ಅಡಿಟಿಪ್ಪಣಿ ಬರೆಯುವುದನ್ನು ಕಲಿತಿಲ್ಲ. ಅಂತರ್ಜಾಲದಿಂದ ಒಂದು ಚಿತ್ರ ಇಳಿಸಿಕೊಳ್ಳುತ್ತೇವೆ, ಅದು ಯಾವ ಪ್ರತಿ ಎಂದು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. (1971ರ ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ಹಾಕಿ 2014ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಮಾತ್ರ ಇದೇ ಪ್ರಶ್ನೆಯನ್ನು ನಾನು ಬಲು ಜೋರಾಗಿ ಕೇಳಿದ್ದೆ.)

ಪರದೆ ಕೃತಿಯ ಹೊರಗಿನ ಸಂಗತಿಯಲ್ಲ ಎನ್ನುವುದಕ್ಕೆ ನನಗೆ ಸಿಕ್ಕ ಒಳ್ಳೆಯ ನಿದರ್ಶನ ಟಿವಿಗೆ ಸಂಬಂಧಿಸಿದ್ದಲ್ಲ. 2001ರಲ್ಲಿ ನಿಂಟೆಂಡೊ ‘ಗೇಮ್ ಬಾಯ್ ಅಡ್ವಾನ್ಸ್’ ಎಂಬ ಅಂಗೈ ಯಂತ್ರ ತಂದಿತು. ಅದರ ಪರದೆಗೆ ಸ್ವಂತ ಬೆಳಕಿರಲಿಲ್ಲ; ಕಿಟಕಿ ಪಕ್ಕವೋ ದೀಪದ ಕೆಳಗೋ ಕೂತು ಆಡಬೇಕು. ಆ ವರ್ಷವೇ ಬಂದ ‘ಕ್ಯಾಸಲ್‌ವೇನಿಯಾ: ಸರ್ಕಲ್ ಆಫ್ ದಿ ಮೂನ್’ ಕತ್ತಲ ಕೋಟೆಯ ಆಟ, ಆ ಪರದೆಯಲ್ಲಿ ಏನೂ ಕಾಣುವುದಿಲ್ಲ ಎಂದು ಎಲ್ಲರೂ ದೂರಿದರು. ಮುಂದಿನ ವರ್ಷ ಅದೇ ಸರಣಿಯಲ್ಲಿ ಬಂದ ‘ಹಾರ್ಮನಿ ಆಫ್ ಡಿಸೊನೆನ್ಸ್’ ಆ ದೂರಿಗೆ ಉತ್ತರದಂತಿದೆ. ಗೋಡೆಗಳಿಗೆ ಕಣ್ಣು ಕುಕ್ಕುವ ಬಣ್ಣ, ನಾಯಕನ ಸುತ್ತ ನೀಲಿ ಅಂಚು. ಇವತ್ತು ಎರಡನ್ನೂ ಬೆಳಕಿರುವ ಪರದೆಯಲ್ಲಿ ಆಡಿದರೆ ತೀರ್ಪು ತಲೆಕೆಳಗಾಗುತ್ತದೆ: ಮೊದಲನೆಯದು ಹದವಾದ ಕತ್ತಲು, ಎರಡನೆಯದು ಜಾತ್ರೆಯ ಅಂಗಡಿ. ಎರಡನೆಯ ಆಟದ ಬಣ್ಣವನ್ನು ಕಲಾವಿದರ ಕೆಟ್ಟ ಅಭಿರುಚಿ ಎಂದು ಬರೆದವರನ್ನು ಓದಿದ್ದೇನೆ. ಅದು ಅಭಿರುಚಿಯಲ್ಲ. ಕತ್ತಲಲ್ಲಿ ಕೂತವರಿಗೆ ದನಿ ಎತ್ತಿ ಮಾತಾಡಿದ್ದು.

ಹಾಗಾದರೆ ಇವತ್ತು ಹಳೆಯ ಯಂತ್ರ ಕೈಗೆ ಸಿಕ್ಕವರು ಏನು ಮಾಡಬೇಕು? ಉಪದೇಶ ಮಾಡುವಷ್ಟು ನಾನು ಬಲ್ಲವನಲ್ಲ, ಆದರೆ ವರ್ಷವಿಡೀ ತಿಣುಕಾಡಿ ಕಲಿತದ್ದನ್ನು ಹೇಳಬಹುದು. ನಮ್ಮ ಮನೆಯ ಟಿವಿಯಲ್ಲಿ ಬಾಚಣಿಗೆಯ ಹಲ್ಲು ಕಂಡದ್ದಕ್ಕೆ ಕಾರಣ ಒಂದು ತಪ್ಪು ತಿಳಿವಳಿಕೆ. ಅಮೆರಿಕದ ಟಿವಿ ಪದ್ಧತಿಯಲ್ಲಿ ಚಿತ್ರ ಎರಡು ಕಂತಿನಲ್ಲಿ ಬರುತ್ತದೆ, ಮೊದಲು ಬೆಸ ಸಾಲುಗಳು, ಆಮೇಲೆ ಸರಿ ಸಾಲುಗಳು. ಹಳೆ ಗೇಮ್ ಯಂತ್ರಗಳು ಈ ಎರಡನೇ ಕಂತನ್ನೂ ಮೊದಲಿನ ಸಾಲುಗಳ ಮೇಲೆಯೇ ಬರೆದುಬಿಡುತ್ತಿದ್ದವು: ಸುಮಾರು 240 ಸಾಲು, ಸೆಕೆಂಡಿಗೆ 60 ಸಲ. ನಡುವಿನ ಸಾಲುಗಳು ಕಪ್ಪಾಗಿ ಉಳಿಯುತ್ತಿದ್ದವು. ಹಳೆ ಟಿವಿಯ ಹತ್ತಿರ ಕೂತವರಿಗೆ ನೆನಪಿರುವ ತೆಳು ಕಪ್ಪು ಗೆರೆಗಳು ಇವೇ. ಹೊಸ ಟಿವಿಗಳಲ್ಲಿ ಅನೇಕಕ್ಕೆ ಈ ಕುತಂತ್ರ ಗೊತ್ತಿಲ್ಲ. ಎರಡು ಕಂತು ಬಂದಿದೆ ಎಂದುಕೊಂಡು ಎರಡನ್ನೂ ಹೆಣೆಯುತ್ತವೆ, ಹಲ್ಲು ಮೂಡುತ್ತದೆ. ಪೆಟ್ಟು ತಿಂದ ಪಾತ್ರ ಮಿನುಗುವುದು, ನೆರಳು ಒಂದು ಕ್ಷಣ ಇದ್ದು ಒಂದು ಕ್ಷಣ ಇಲ್ಲದಂತೆ ಕಾಣುವುದು, ಇವೆಲ್ಲ ಹೆಣಿಗೆಯಲ್ಲಿ ಹಾಳಾಗುತ್ತವೆ.

ಆದ್ದರಿಂದ ಟಿವಿಗೆ ಆ ಕೆಲಸ ಬಿಡಬಾರದು. ಮಧ್ಯದಲ್ಲಿ ಓಎಸ್‌ಎಸ್‌ಸಿ, ರೆಟ್ರೊಟಿಂಕ್‌ನಂಥ ಒಂದು ಪುಟ್ಟ ಡಬ್ಬಿ ಬೇಕು. ಅವು ಸಂಕೇತವನ್ನು ಇದ್ದಂತೆಯೇ ಓದಿ, ಸಾಲುಗಳನ್ನು ಗುಣಿಸಿ ಎಚ್‌ಡಿಎಂಐಗೆ ಕೊಡುತ್ತವೆ. ಗುಣಾಕಾರದಲ್ಲೂ ಒಂದು ಮೋಜಿದೆ. 1080 ಸಾಲಿನ ಟಿವಿಗೆ 240 ನಾಲ್ಕೂವರೆ ಸಲ ಹೋಗುತ್ತದೆ. ಅರ್ಧ ಸಾಲು ಬರೆಯಲಾಗದು, ಹಾಗಾಗಿ ಕೆಲವು ಸಾಲು ದಪ್ಪ, ಕೆಲವು ಸಣ್ಣ; ಚಿತ್ರ ಸರಿಯುವಾಗ ನಡುಗಿದಂತೆ ಕಾಣುತ್ತದೆ. ನಾಲ್ಕರಿಂದ ಗುಣಿಸಿ ಸುತ್ತ ಕಪ್ಪು ಬಿಡುವುದು ಮೇಲು. 4ಕೆ ಟಿವಿಯ 2160ಕ್ಕೆ ಸರಿಯಾಗಿ ಒಂಬತ್ತು ಸಲ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಚೂಪು ಮಾಡುವ, ಚಲನೆಯನ್ನು ನಯ ಮಾಡುವ ಸವಲತ್ತುಗಳನ್ನೆಲ್ಲ ಆರಿಸಿ. ದಯವಿಟ್ಟು 4:3 ಅಳತೆಯಲ್ಲೇ ಇಡಿ. ಪರದೆ ತುಂಬಾ ಎಳೆದರೆ ಮಾರಿಯೋ ಹಬ್ಬದ ಊಟ ಮುಗಿಸಿ ಬಂದವನಂತೆ ಕಾಣುತ್ತಾನೆ. ‘ಡಕ್ ಹಂಟ್’ನ ಬಂದೂಕು ಮಾತ್ರ ಈ ಯಾವ ಡಬ್ಬಿಗೂ ಬಗ್ಗುವುದಿಲ್ಲ. ಕುದುರೆ ಒತ್ತಿದ ಗಳಿಗೆಯಲ್ಲಿ ಪರದೆ ಕಪ್ಪಾಗಿ, ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಮಿಂಚಿದ್ದನ್ನು ಅದು ಹಿಡಿಯಬೇಕು. ಹೊಸ ಟಿವಿಯ ಮಿಂಚು ತಡವಾಗಿ ಬರುತ್ತದೆ, ಬಾತುಕೋಳಿ ಬದುಕಿಕೊಳ್ಳುತ್ತದೆ.

ಹಳೆ ಪರದೆಯ ಗುಣವನ್ನು ಲೆಕ್ಕ ಹಾಕಿ ನಕಲು ಮಾಡುವ ಫಿಲ್ಟರುಗಳೂ ಇವೆ. ಕೆಟ್ಟವು ಚಿತ್ರದ ಮೇಲೆ ಕಪ್ಪು ಗೆರೆ ಎಳೆದು ಕೈತೊಳೆದುಕೊಳ್ಳುತ್ತವೆ. ಒಳ್ಳೆಯವು ತಂತಿಯ ಕಲೆಸುವಿಕೆಯಿಂದ ಹಿಡಿದು ಗಾಜಿನ ಒಳಗಿನ ಕೆಂಪು, ಹಸಿರು, ನೀಲಿ ಫಾಸ್ಫರ್ ಚುಕ್ಕಿಗಳವರೆಗೆ ಎಲ್ಲವನ್ನೂ ಮತ್ತೆ ಕಟ್ಟುತ್ತವೆ. ಜಲಪಾತಕ್ಕೆ ನೀರು ಬರುತ್ತದೆ. ಇವಕ್ಕೆ 4ಕೆ ಪರದೆ, ಸಾಕಷ್ಟು ಬೆಳಕು ಎರಡೂ ಬೇಕು. ಆದರೆ ಇದನ್ನು ಎಲ್ಲದಕ್ಕೂ ಹಚ್ಚುವುದು ಇನ್ನೊಂದು ಬಗೆಯ ಅಜ್ಞಾನ. 1993ರ ‘ಡೂಮ್’ ಕಂಪ್ಯೂಟರಿನ ಆಟ. ವಿಜಿಎ ಮಾನಿಟರ್ ಅದರ 200 ಸಾಲನ್ನು ಎರಡೆರಡು ಸಲ ಬರೆಯುತ್ತಿತ್ತು, ನಡುವೆ ಕಪ್ಪು ಗೆರೆ ಕಾಣುತ್ತಲೇ ಇರಲಿಲ್ಲ. ಅದಕ್ಕೆ ಗೆರೆ ಎಳೆದು ‘ಹಳೆಯ ಕಾಲದ ಅನುಭವ’ ಅನ್ನುವವರನ್ನು ಕಂಡರೆ ನಗು ಬರುತ್ತದೆ.

ಇಷ್ಟೆಲ್ಲ ಹೇಳಿದವನ ಸ್ವಂತ ಬಾಲ್ಯದ ಪಾಠ ಯಾವುದು ಎಂದು ಕೇಳಿದರೆ ಉತ್ತರ ಸಂಕೋಚದ್ದು. ನಾನು ಮಾರಿಯೋ ಆಡಿದ್ದು ಅಸಲಿ ನಿಂಟೆಂಡೊದಲ್ಲಿ ಅಲ್ಲ. ಮಾವ ದೀಪಾವಳಿಗೆ ತಂದುಕೊಟ್ಟ ನಕಲಿ ಯಂತ್ರದಲ್ಲಿ, ಬಾಡಿಗೆಗೆ ತಂದ ಕ್ಯಾಸೆಟ್ಟುಗಳಲ್ಲಿ. ಕಾರ್ಟ್ರಿಜ್ ಎಂಬ ಪದ ನಮಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆಂಟೆನಾ ತೂತಿಗೆ ಪಿನ್ನು ಹಾಕಿ, ಚಾನೆಲ್ ತಿರುಗಿಸಿ ತಿರುಗಿಸಿ, ಚುಕ್ಕಿಮಳೆಯ ನಡುವೆ ಮಾರಿಯೋ ಸಿಗುತ್ತಿದ್ದ. ನಮ್ಮ ದೇಶದ್ದು ಪಾಲ್ ಪದ್ಧತಿ, 625 ಸಾಲು, ಸೆಕೆಂಡಿಗೆ 50 ಕಂತು. 60ಕ್ಕೆಂದು ಬರೆದ ಆಟವನ್ನು ತಿದ್ದದೆ 50ಕ್ಕೆ ಹಾಕಿದರೆ ಆರರಲ್ಲೊಂದು ಪಾಲು ನಿಧಾನ. ಯುರೋಪಿನ ಮಕ್ಕಳ ಸೋನಿಕ್ ಹೀಗೆ ಜಪಾನಿನವನಿಗಿಂತ ನಿಧಾನವಾಗಿ ಓಡಿದ, ಅವನ ಹಾಡೂ ನಿಧಾನವಾಯಿತು. ನಿಧಾನದ ಹಾಡನ್ನೇ ಕೇಳಿ ಬೆಳೆದ ಆ ಮಕ್ಕಳಿಗೆ ಅಸಲಿ ವೇಗ ಕೇಳಿದಾಗ ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ಅನಿಸಿದರೆ ತಪ್ಪು ಯಾರದು? ಪ್ರತಿ ಭ್ರಷ್ಟವಾಗಿತ್ತು, ನಿಜ. ಓದು ಭ್ರಷ್ಟವಾಗಿತ್ತು ಎನ್ನಲು ನಾನು ಸಿದ್ಧನಿಲ್ಲ.

ಈ ವರ್ಷ ಅದೇ ಪಾಠಕ್ಕೆ ಮೂರು ಚಿತ್ರ ಹಿಡಿದು ಹೋದೆ: ಯಂತ್ರದೊಳಗಿನ ಗೆರೆಗಳು, ರಿಪೇರಿ ಅಂಗಡಿಯ ಟಿವಿಯ ಎದುರು ಮೊಬೈಲಿನಲ್ಲಿ ತೆಗೆದ ಫೋಟೋ, ಫಿಲ್ಟರಿನ ನಕಲು. ಯಾವುದು ಯಾವ ಪ್ರತಿ ಎಂದು ಕೆಳಗೆ ಬರೆದೆ. ಮೊಬೈಲ್ ಫೋಟೋ ಎಲ್ಲಕ್ಕಿಂತ ಕೆಟ್ಟದಾಗಿ ಬಂದಿತ್ತು. ಪರದೆಯ ಮೇಲೆ ದಪ್ಪ ಅಲೆಗಳು, ಅರ್ಧ ಚಿತ್ರ ಕತ್ತಲು. ಸಾಲು ಸಾಲಾಗಿ ಬರೆಯುವ ಬೆಳಕನ್ನು ನನ್ನ ಮೊಬೈಲ್ ಕ್ಯಾಮೆರಾ ಸರಿಯಾಗಿ ಹಿಡಿದಿರಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸಾರ್, ಇದ್ರಲ್ಲಿ ನೀರು ಎಲ್ಲಿದೆ?” ಎಂದಳು. ಫೋಟೋದಲ್ಲಿ ಇರಲಿಲ್ಲ. ಹೋಗಿ ನೋಡಬೇಕು ಅಂದೆ.

ಶನಿವಾರ ಹದಿನೈದು ಜನ ಆ ಅಂಗಡಿಯ ಮುಂದೆ ನಿಂತಿದ್ದೆವು. ಬೀದಿಯವರೆಲ್ಲ ಕ್ರಿಕೆಟ್ ಮ್ಯಾಚೇನೋ ಎಂದು ಇಣುಕಿ ಹೋದರು. ರಿಪೇರಿಯವರು ಆ ಟಿವಿಯನ್ನು ಗುಜರಿಗೆ ಹಾಕುವವರಿದ್ದರು. ಪಿಕ್ಚರ್ ಟ್ಯೂಬ್ ಹೋದರೆ ಬೇರೆ ಸಿಗುವುದಿಲ್ಲ, ಇಟ್ಟುಕೊಂಡು ಏನು ಮಾಡಲಿ ಎಂದರು. ನಾನೇ ಕೊಂಡೆ. ಮೂವತ್ತು ಕೆಜಿಗೂ ಮೇಲಿದೆ, ಎತ್ತಲು ಇಬ್ಬರು ಬೇಕು. ಸದ್ಯಕ್ಕೆ ಹಾಲ್‌ನಲ್ಲಿ ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿದೆ. ಅಲ್ಲಿಂದ ಯಾವಾಗ ತೆಗೆಯುತ್ತೀರಿ ಎಂದು ಮನೆಯವರು ದಿನಾ ಕೇಳುತ್ತಿದ್ದಾರೆ.